ಅವಳು 'ಸರಿ' ಅಂದ ದಿನ

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ರಾಜಿ ಮಾತಾಡಿಸುವ ಜಾಯಿಂಟ್ ಸಿಟ್ಟಿಂಗ್ ಮುಗಿದು ಹದಿನೆಂಟು ದಿನ ಆಗಿತ್ತು. ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಅವಳು ಜಗಲಿಯಲ್ಲಿ ಕೂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ನಾಲ್ಕು ಮಡಿಕೆ ಹಾಕಿದ, ಮಲಯಾಳದಲ್ಲಿದ್ದ ಒಪ್ಪಂದದ ಕಾಪಿ.

"ಇದ್ರಲ್ಲಿ ಎಂತ ಬರ್ದದ್ದು ಅಕ್ಕ? ಒಮ್ಮೆ ಓದಿ ಹೇಳಿ."

ಕರ್ನಾಟಕದ ವಿಟ್ಲದ ಕಡೆಯಿಂದ ಕೇರಳದ ಕಾಸರಗೋಡಿನ ಪೆರ್ಲದ ಹತ್ತಿರಕ್ಕೆ ಮದುವೆಯಾಗಿ ಬಂದವಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ತುಳು, ಕನ್ನಡ ಬರುತ್ತದೆ, ಮಲಯಾಳ ಓದಲು ಬರುವುದಿಲ್ಲ. ಇದು ಫೈಲಿನ ಮೊದಲ ಪುಟದಲ್ಲೇ ಇತ್ತು. ಬರೆದದ್ದು ನಾನೇ.

ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಕೇಳುತ್ತಿದ್ದಳು. ನಾಲ್ಕನೇ ಸಾಲಿಗೆ ನನ್ನ ಬಾಯಿ ಕಟ್ಟಿತು. 'ಒಡವೆಯ ವಿಷಯ ಮನೆಯೊಳಗೇ ಮುಗಿದಿದೆ, ಇನ್ನು ತಕರಾರಿಲ್ಲ.' ಅವಳ ಹವಳದ ಸರ, ಎರಡು ಬಳೆ ಗಂಡ ಅಡವಿಟ್ಟಿದ್ದ. ಅದನ್ನು ಬಿಡಿಸಿ ಕೊಡಬೇಕು ಎನ್ನುವುದೇ ಅವಳ ದೂರು.

ಅವಳ ಬೆರಳು ಅಲ್ಲೇ ನಿಂತಿತು. "ನಾನು ಹಾಗೆ ಹೇಳ್ಲಿಲ್ಲ ಅಲ್ವಾ ಅಕ್ಕ?"

"ಅವತ್ತು ಕೇಳಿದ್ದೆನಲ್ಲ, ನೀವು ಸರಿ ಅಂದಿರಿ" ಅಂತ ಹೇಳಿಬಿಟ್ಟೆ. ಒಪ್ಪಂದ ಬರೆದದ್ದಕ್ಕಿಂತ ಈ ಮಾತೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅವತ್ತು ಕೋಣೆಯಲ್ಲಿ ಗಂಡ, ಅವನ ಸೋದರಮಾವ, ವಾರ್ಡ್ ಮೆಂಬರ್, ಎಲ್ಲರದ್ದೂ ಮಲಯಾಳ. ಹೊರಗೆ ಇನ್ನೂ ಮೂರು ಸಿಟ್ಟಿಂಗ್ ಕಾಯುತ್ತಿದ್ದವು. ನಾನೂ ಮಲಯಾಳದಲ್ಲೇ ಸರಸರ ಓದಿ "ಶರಿಯಲ್ಲೇ?" ಅಂದೆ. ಅವಳು ತಲೆ ತಗ್ಗಿಸಿ "ಸರಿ" ಅಂದಳು. ಕನ್ನಡದಲ್ಲಿ ಸಹಿ ಹಾಕಿದಳು. ಆ ಕನ್ನಡದ ಸಹಿ ನೋಡಿಯೂ ನನಗೆ ಹೊಳೆಯಲಿಲ್ಲ.

ಎಂಎಸ್‌ಡಬ್ಲ್ಯು, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಓದುವಾಗ, ಇಡೀ ಕುಟುಂಬವನ್ನು ಕೂರಿಸಿ ಚಿಕಿತ್ಸೆ ಕೊಡುತ್ತಿದ್ದ ವರ್ಜೀನಿಯಾ ಸಟೀರ್ ಬಗ್ಗೆ ಪ್ರಬಂಧ ಬರೆದವಳು ನಾನು. 1916ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅವರು ಮೊದಲು ಶಾಲೆಯ ಟೀಚರ್, ಆಮೇಲೆ ಸಮಾಜ ಕಾರ್ಯಕರ್ತೆ. ಒಬ್ಬ ಹುಡುಗಿಗೆ ಚಿಕಿತ್ಸೆ ಕೊಡುತ್ತಿದ್ದಾಗ ಅವಳ ತಾಯಿ ಕೇಸು ಹಾಕುತ್ತೇನೆ ಅಂದರಂತೆ. ಸಟೀರ್ ಆ ತಾಯಿಯನ್ನೇ ಒಳಗೆ ಕರೆದು ಕೂರಿಸಿದರು. ಒತ್ತಡ ಬಂದಾಗ ಜನ ಹೇಗೆಲ್ಲ ಮಾತಾಡುತ್ತಾರೆ ಅಂತ ಅವರು ವಿಂಗಡಿಸಿದ್ದಾರೆ. ಅದರಲ್ಲಿ ಒಂದು, ಎದುರಿನವರನ್ನು ಸಮಾಧಾನ ಮಾಡಲು ಎಲ್ಲದಕ್ಕೂ ಹೂಂ ಅನ್ನುವುದು. ತರಬೇತಿಯಲ್ಲಿ ಒಂದು ಮಂಡಿ ಊರಿ, ಕೈ ಮೇಲೆತ್ತಿ ಅದನ್ನು ಮಾಡಿ ತೋರಿಸುತ್ತಾರೆ. ನಾನೂ ಎಷ್ಟೋ ಜನರಿಗೆ ತೋರಿಸಿದ್ದೇನೆ. ಎದುರಿಗೇ ಕೂತವಳಲ್ಲಿ ಮಾತ್ರ ಕಾಣಲಿಲ್ಲ.

ನಮ್ಮ ಫಾರಂ ಬರುವುದು ಮಲಯಾಳದಲ್ಲಿ ಮಾತ್ರ. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ಆದರೆ ಮೇಲಿನವರಿಗೆ ಬೇಕಾದದ್ದು ತಿಂಗಳ ರಿಪೋರ್ಟಿನಲ್ಲಿ 'ಸೆಟ್ಲ್ಡ್' ಎಷ್ಟು ಅನ್ನುವ ಲೆಕ್ಕ. ಅವಳ ಕೇಸೂ ಆ ಲೆಕ್ಕದಲ್ಲಿ ಹೋಗಿತ್ತು. ವಾಪಸ್ ತೆರೆಯಲು ಜಾಸ್ತಿ ಮಾತು ಕೇಳಬೇಕಾಯಿತು. ಕೇಳಿದೆ.

ಎರಡನೇ ಸಿಟ್ಟಿಂಗಿನಲ್ಲಿ ಮೊದಲು ಅವಳೇ ಮಾತಾಡಲಿ ಅಂದೆ, ತುಳುವಿನಲ್ಲಿ. ಇಪ್ಪತ್ತು ನಿಮಿಷ ಮಾತಾಡಿದಳು. ಸರ ಅವಳ ಅಮ್ಮನದ್ದು ಅಂತ ನನಗೆ ಗೊತ್ತಾದದ್ದೇ ಆಗ. ಗಂಡ ಮೂರು ಕಂತಿನಲ್ಲಿ ಬಿಡಿಸಿ ಕೊಡಲು ಒಪ್ಪಿದ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫಾರಮ್ಮಿಗೆ ಪಿನ್ ಮಾಡಿದೆ. ಸಹಿಗೆ ಮೊದಲು ಅವಳೇ ಗಟ್ಟಿಯಾಗಿ ಓದಿದಳು. 'ಕಂತು' ಅನ್ನುವಲ್ಲಿ ನಿಲ್ಲಿಸಿ, ತಾರೀಕು ಎಲ್ಲಿ ಬರೆದಿದ್ದೀರಿ ಅಂತ ಕೇಳಿದಳು. ಬರೆದಿರಲಿಲ್ಲ. ಹಾಳೆ ತೆಗೆದುಕೊಂಡು ಮೂರು ತಾರೀಕನ್ನೂ ಸೇರಿಸಿದೆ.