"ಕೋಡಿಂಗ್ ಬರುತ್ತೆ, ಫೆಲೋಶಿಪ್ ಲಿಂಕ್ ಕಳ್ಸಿ" ಅನ್ನೋರಿಗೆ

ನಾನು ಒಂದು ಲ್ಯಾಬಲ್ಲಿ ಮಳೆ ಡೇಟಾ ಇಟ್ಕೊಂಡು ಕೋಡ್ ಬರೆಯೋ ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋ. ಅದು ಗೊತ್ತಾದವ್ರೆಲ್ಲ ಕೇಳೋದು ಒಂದೇ, ಪ್ರೋಗ್ರಾಮಿಂಗ್ ಬರೋರಿಗೆ ರಿಸರ್ಚ್ ಫೆಲೋಶಿಪ್ ಎಲ್ಲಿ ಸಿಗುತ್ತೆ, ಒಂದು ಲಿಂಕ್ ಕಳ್ಸಿ. ಲಿಂಕ್ ಇಲ್ಲ ಕಣ್ರಪ್ಪ. ಇದ್ದಿದ್ರೆ ಕುತ್ತಿಗೆಗೆ ಬೋರ್ಡ್ ನೇತು ಹಾಕ್ಕೊಂಡು ಓಡಾಡ್ತಿದ್ದೆ.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತಿದೀನಿ, ಇನ್ನೂ ಕೋಸಂಬರಿ ಬಡಿಸ್ತಿದಾರೆ, ಪಕ್ಕದಲ್ಲಿದ್ದ ದೂರದ ದೊಡ್ಡಪ್ಪ ಶುರು ಮಾಡಿದ್ರು, "ನಮ್ ಹುಡುಗನಿಗೆ ಪೈಥಾನ್ ಗೊತ್ತು, ನಿಮ್ಮಲ್ಲಿ ಸೇರಿಸ್ಕೊಂಡ್ಬಿಡಪ್ಪ."

"ನೆಟ್, ಗೇಟ್ ಪರೀಕ್ಷೆ ಏನಾದ್ರೂ ಪಾಸಾಗಿದ್ಯಾ ದೊಡ್ಡಪ್ಪ?"

"ಅದೆಲ್ಲ ಯಾಕೆ, ಪೈಥಾನ್ ಗೊತ್ತಲ್ಲ!"

ಅಷ್ಟರಲ್ಲಿ ಸಾರು ಬಂತು, ಬಚಾವಾದೆ. ಆದ್ರೆ ಕೈ ತೊಳೆಯೋ ನಲ್ಲಿ ಹತ್ರ ಹುಡುಗನೇ ಹಿಡ್ಕೊಂಡ. ಫೋನ್ ತೋರಿಸ್ದ, "ಕೋಡಿಂಗ್ ಫೆಲೋಶಿಪ್" ಅಂತ ಹುಡುಕಿದಾನೆ, ಬಂದಿರೋದೆಲ್ಲ ಕೋಚಿಂಗ್ ಕ್ಲಾಸ್ ಜಾಹೀರಾತು.

ಯಾವ ಪ್ರೊಫೆಸರೂ ಆ ಹೆಸರಲ್ಲಿ ಅರ್ಜಿ ಕರೆಯಲ್ಲ ಮಾರಾಯ. ಜೆಆರ್‌ಎಫ್, ಪ್ರಾಜೆಕ್ಟ್ ಅಸೋಸಿಯೇಟ್ ಅಂತ ಕರೀತಾರೆ. ಬೆಂಗಳೂರಿನ ಐಐಎಸ್‌ಸಿ, ಜೀವವಿಜ್ಞಾನದ ಎನ್‌ಸಿಬಿಎಸ್, ಕೋರಮಂಗಲದಲ್ಲಿರೋ ಖಗೋಳ ವಿಜ್ಞಾನದ ಐಐಎ, ಇಂಥ ಸಂಶೋಧನಾ ಸಂಸ್ಥೆಗಳ ವೆಬ್‌ಸೈಟಿನ ಯಾವ್ದೋ ಮೂಲೇಲಿ ಒಂದು ಪಿಡಿಎಫ್ ಬಿದ್ದಿರುತ್ತೆ, ಮೇಲೆಲ್ಲ ಎಂಎಸ್ಸಿ, ನೆಟ್, ವಯೋಮಿತಿ ಅಂತ ತುಂಬಿ ಕೆಳಗೆ "ಡಿಸೈರಬಲ್" (ಇದ್ರೆ ಒಳ್ಳೇದು) ಅನ್ನೋ ಕಡೆ ಒಂದೇ ಸಾಲು, ಪೈಥಾನ್, ಲಿನಕ್ಸ್, ಫೋರ್ಟ್ರಾನ್. ನೀವು ಹುಡುಕ್ತಿರೋದು ಆ ಸಾಲು. ಎಷ್ಟೋ ಸಲ ಅದು ಸ್ಕ್ಯಾನ್ ಮಾಡಿದ ಕಾಪಿ, ಕಂಟ್ರೋಲ್ ಎಫ್ ಒತ್ತಿದ್ರೆ ಸಿಗಲ್ಲ, ಕಣ್ಣು ಬಿಟ್ಕೊಂಡು ಓದ್ಬೇಕು.

ಮತ್ತೆ ಕಂಪ್ಯೂಟರ್ ಸೈನ್ಸ್ ಬಾಗಿಲಲ್ಲೇ ಕ್ಯೂ ನಿಲ್ಬೇಡಿ, ಅಲ್ಲಿ ಕೋಡ್ ಬರೋರು ಬೇಕಾದಷ್ಟಿದಾರೆ. ಹವಾಮಾನದವ್ರ ಹತ್ರ ನೆಟ್‌ಸಿಡಿಎಫ್ ಅನ್ನೋ ಡೇಟಾ ಫೈಲುಗಳ ರಾಶಿ, ಕಾಡುಪ್ರಾಣಿ ಲೆಕ್ಕ ಹಾಕೋರಿಗೆ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರೋರು ಬೇಕು. ಕೊಡೈಕೆನಾಲಲ್ಲಿ 1904ರಿಂದ ತೆಗೆದಿರೋ ಸೂರ್ಯನ ಫೋಟೋ ಪ್ಲೇಟುಗಳನ್ನ ಐಐಎ ಡಿಜಿಟೈಸ್ ಮಾಡಿದೆ, ಅಷ್ಟರಲ್ಲೂ ಸೂರ್ಯನ ಕಲೆಗಳನ್ನ ಕೂತು ಕೈಯಲ್ಲೇ ಎಣಿಸೋಕಾಗುತ್ತಾ? ಇನ್ನೂ ಡಿಗ್ರಿ ಓದ್ತಿರೋರಿಗೆ ಮೂರು ಸೈನ್ಸ್ ಅಕಾಡೆಮಿ ಸೇರಿ ನಡೆಸೋ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ, ನೋಡ್ಕೊಳ್ಳಿ.

ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಿರೋ ಪ್ರಶ್ನೆ ಬೇರೇನೇ ಇದೆ: ದುಡ್ಡು ಟೈಮಿಗೆ ಬರುತ್ತಾ? 2023ರಲ್ಲಿ ಜೆಆರ್‌ಎಫ್ ತಿಂಗಳಿಗೆ 31,000 ಇದ್ದಿದ್ದು 37,000 ಆಯ್ತು, ಮೇಲೆ ಎಚ್‌ಆರ್‌ಎ ಅಂತ ಮನೆ ಬಾಡಿಗೆ ಭತ್ಯೆ, ಕಾಗದದ ಮೇಲೆ ಚೆನ್ನಾಗೇ ಇದೆ. ಪ್ರಾಜೆಕ್ಟಿನ ಗ್ರಾಂಟ್ ದುಡ್ಡು ರಿಲೀಸ್ ಆಗ್ದಿದ್ರೆ ಕಷ್ಟ ಗೊತ್ತಾಗುತ್ತೆ. ನಂದು ನಿಂತಾಗ ಪಿಜಿ ಆಂಟಿಗೆ ಮುಖ ತೋರಿಸೋಕಾಗ್ದೆ ಕೋಡ್ ರನ್ ಆಗ್ತಿದೆ ಅಂತ ರಾತ್ರಿ ಲ್ಯಾಬಲ್ಲೇ ಮಲಗ್ತಿದ್ದೆ, ಗೈಡು ಎಂಥ ಶ್ರದ್ಧೆ ಅಂತ ಮೆಚ್ಕೊಂಡ್ರು.

ಅದಕ್ಕೇ ಸೇರೋ ಮುಂಚೆ ಆ ಲ್ಯಾಬ್ ಬಿಟ್ಟು ಹೋದೋರಿಗೊಂದು ಮೇಲ್ ಹಾಕಿ: ಪ್ರಾಜೆಕ್ಟ್ ಇನ್ನೆಷ್ಟು ದಿನ ಇದೆ, ಸಂಬಳ ಎಷ್ಟು ತಡ ಆಗುತ್ತೆ, ಕೋಡ್ ಬರೆದೋರ ಹೆಸ್ರು ಪೇಪರಲ್ಲಿ ಹಾಕ್ತಾರಾ ಇಲ್ಲ ಕೊನೇಲಿ ಥ್ಯಾಂಕ್ಸ್ ಹೇಳಿ ಮುಗಿಸ್ತಾರಾ. ಅವ್ರು ಹೇಳ್ತಾರೆ, ಅವ್ರಿಗೂ ಹೊಟ್ಟೆ ಉರಿದಿರುತ್ತೆ.