ಹೋಗಿ ಬರ್ತೀನಿ

ಮಂಗಳವಾರ ರಾತ್ರಿಯಿಂದ ಅಮ್ಮನ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. "ಅದ್ರಲ್ಲಿ ಬರ್ತೀನಿ ಅನ್ನೋದು ಎಲ್ಲಿದೆ?"

ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು, ಮೊಬೈಲಿನಲ್ಲಿ ಜಪಾನೀಸ್ ಪಾಠ ಹಾಕಿಕೊಂಡು, ಅದು ಹೇಳಿದ್ದನ್ನೇ ತಿರುಗಿ ಹೇಳುತ್ತಿದ್ದೆ. ಇತ್ತೆ ಕಿಮಸ್. ಇತ್ತೆ ಕಿಮಸ್. "ಏನೇ ಹಂಗಂದ್ರೆ?" ಅಂದಳು. ಮನೆಯಿಂದ ಹೊರಡುವಾಗ ಹೇಳೋದಮ್ಮ, ಬೈ ಅಂತೀವಲ್ಲ ಹಾಗೆ, ಅಂದೆ. ಹಾಗಂದಿದ್ದು ಯಾಕೋ ಸರಿ ಅನ್ನಿಸಲಿಲ್ಲ. ಸರಿಯಾಗಿ ಹೇಳಬೇಕು ಅಂದ್ರೆ ಹೋಗಿ ಬರ್ತೀನಿ ಅಂತ, ಅಂದೆ.

ಅಮ್ಮನ ಕೈ ನಿಂತಿತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಕಾಳು, ಸಿಪ್ಪೆ ಅರ್ಧ ಬಿಟ್ಟಿದೆ. "ಹೋಗ್ತೀನಿ ಅನ್ಬಾರ್ದು ಅಂತ ಅವ್ರಿಗೂ ಗೊತ್ತಾ?" ಅಂತ ಕೇಳಿದಳು. ಆಮೇಲೆ ಆ ಪ್ರಶ್ನೆ. ಅದ್ರಲ್ಲಿ ಬರ್ತೀನಿ ಅನ್ನೋದು ಎಲ್ಲಿದೆ?

ನಾನು ಆ ಮಾತನ್ನು ಬಿಡಿಸಿ ನೋಡಿಯೇ ಇರಲಿಲ್ಲ. ನಾಲ್ಕು ತಿಂಗಳಿಂದ ಅದೊಂದು ಉಂಡೆ ಅಂತ ಬಾಯಿಪಾಠ ಮಾಡಿದ್ದೆ. ಇತ್ತೆ ಅಂದ್ರೆ ಹೋಗಿ. ಕಿಮಸ್ ಅಂದ್ರೆ ಬರ್ತೀನಿ. ಹೋಗಿ, ಬರ್ತೀನಿ. ಎರಡೇ ತುಂಡು, ನಮ್ಮದೇ ಕ್ರಮದಲ್ಲಿ. ಹೇಳುತ್ತಾ ಹೇಳುತ್ತಾ ನನಗೆ ಮೈ ಜುಮ್ ಅಂದಿತು. ಯಾಕಂದ್ರೆ ಆ "ಇತ್ತೆ" ಇದೆಯಲ್ಲ, ಅದೇ ನನ್ನನ್ನು ಮೂರು ವಾರ ಅಳುವಂತೆ ಮಾಡಿದ, ಕ್ರಿಯಾಪದದ ತೆ ರೂಪ. ಇಂಗ್ಲಿಷಿನಲ್ಲಿ ಬರೆದ ಜಪಾನೀಸ್ ಪಾಠದಲ್ಲಿ ಅದಕ್ಕೆ ದೊಡ್ಡ ಪಟ್ಟಿಯೇ ಇರುತ್ತೆ: ಎರಡು ಕೆಲಸ ಜೋಡಿಸೋಕೆ ಹೀಗೆ, ಕೇಳಿಕೊಳ್ಳೋಕೆ ಹೀಗೆ, ಪ್ರಯತ್ನ ಮಾಡ್ತೀನಿ ಅನ್ನೋಕೆ ಹೀಗೆ. ನಮಗೆ ಅದು ಹೋಗಿ, ತಿಂದು, ಬರೆದು. ಅಷ್ಟೇ. ತಬೆತೆ ಅಂದ್ರೆ ತಿಂದು, ಮಿಮಸ್ ಅಂದ್ರೆ ನೋಡ್ತೀನಿ. ತಬೆತೆ ಮಿಮಸ್, ತಿಂದು ನೋಡ್ತೀನಿ. ನೋಡೋದು ಅಂದ್ರೆ ಪ್ರಯತ್ನ ಅಂತ ಇಂಗ್ಲಿಷಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಅಂಗನವಾಡಿ ಮಗುವಿಗೆ ಬೇಡ.

ಇದು ಇಷ್ಟು ತಾಗಿದ್ದಕ್ಕೆ ಕಾರಣ ಹಿಂದಿನ ವಾರದ ಒಂದು ಫೋನು. ಬೆಂಗಳೂರಿನ ಒಂದು ಆನ್‌ಲೈನ್ ಕ್ಲಾಸಿಗೆ ವಿಚಾರಿಸಿದ್ದೆ. ಜಪಾನೀಸ್ ಪರೀಕ್ಷೆಯ ಮೊದಲ ಹಂತ, ಅಂದ್ರೆ ಎನ್5, ಅದಕ್ಕೇ 22 ಸಾವಿರ ಅಂದರು. ನನ್ನ ಒಂದೂವರೆ ತಿಂಗಳ ಸಂಬಳ. ಅದಾದರೂ ಹೋಗಲಿ. ಆ ಹೆಂಗಸು ನನ್ನ ಮಾತು ಕೇಳಿ, "ನಿಮ್ಮ ಇಂಗ್ಲಿಷ್ ಸ್ವಲ್ಪ ವೀಕ್ ಅನ್ಸುತ್ತೆ, ಮೊದಲು ಅದನ್ನ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಜಪಾನೀಸ್ ಕಷ್ಟ" ಅಂದರು. ಕೆಟ್ಟವರಲ್ಲ, ಮೆತ್ತಗೇ ಹೇಳಿದರು. ಆದರೆ ತಪ್ಪು ಹೇಳಿದರು. ನಾನು ಅದನ್ನು ನಂಬಿ, ಒಂದು ವಾರ ಪುಸ್ತಕ ಮುಟ್ಟಿರಲಿಲ್ಲ.

ನನ್ನ ಹತ್ತಿರ ಇರೋದು ಇಷ್ಟು. ಹಳೇ ಮೊಬೈಲು. ಜಪಾನ್ ಫೌಂಡೇಶನ್‌ನವರ ಇರೊದೊರಿ ಪಾಠಗಳು, ಪಿಡಿಎಫ್, ಆಡಿಯೋ ಎರಡೂ ಪುಕ್ಕಟೆ. ಜಪಾನಿನ ಟಿವಿ-ರೇಡಿಯೋ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳೂ ಪುಕ್ಕಟೆ. ಪದ ನೆನಪಿಡೋಕೆ ಆಂಕಿ ಅನ್ನೋ ಆ್ಯಪ್. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ, ಹಾಗಾಗಿ ಬೇಕೇ ಬೇಕಾದ ಪುಟ ಮಾತ್ರ. ಮತ್ತೆ ಮಕ್ಕಳು ಲೆಕ್ಕ ಮಾಡುವ ಚೌಕದ ಪುಸ್ತಕ, 40 ರೂಪಾಯಿಯದು. ಒಂದು ಚೌಕಕ್ಕೆ ಒಂದು ಅಕ್ಷರ, ಅಳತೆ ತಪ್ಪಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕೂತು ಅವರ ಎರಡು ಲಿಪಿ, ಹಿರಗನದ 46, ಕತಕನದ 46 ಅಕ್ಷರ ಹೀಗೇ ಮುಗಿಸಿದೆ. ಕಂಜಿ, ಅಂದ್ರೆ ಚೀನಾದಿಂದ ಬಂದ ಅಕ್ಷರಗಳು, ಈಗ ಶುರು. ಅಲ್ಲಿ ದಿನಬಳಕೆಗೆ ಅಂತ ಪಟ್ಟಿ ಮಾಡಿರೋದೇ 2136. ಅದನ್ನು ಈಗಲೇ ಯೋಚಿಸಲ್ಲ.

ಬುಧವಾರದಿಂದ ಉಚ್ಚಾರವನ್ನೆಲ್ಲ ಇಂಗ್ಲಿಷ್ ಅಕ್ಷರ ಹೊಡೆದುಹಾಕಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಬಸನ್ ಅಂದ್ರೆ ಚಿಕ್ಕಮ್ಮ, ಅತ್ತೆ. ಒಬಾಸನ್ ಅಂದ್ರೆ ಅಜ್ಜಿ. ಇಂಗ್ಲಿಷಿನಲ್ಲಿ ಎಷ್ಟೋ ಕಡೆ ಎರಡನ್ನೂ ಒಂದೇ ಥರ ಬರೆದಿರುತ್ತಾರೆ. ಕನ್ನಡದಲ್ಲಿ ಒಂದು ದೀರ್ಘ ಹಾಕಿದರೆ ಮುಗೀತು. ಅವರ ಅಕ್ಷರಮಾಲೆಯ ಸಾಲೂ ಅ, ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಜೊತೆ ಹೋದ ಸಂಸ್ಕೃತದ ಅಕ್ಷರ ಕ್ರಮದಿಂದ ಬಂದದ್ದು ಅದು. ಕಿನೋ ಯೊಂದ ಹೊನ್, ನಿನ್ನೆ ಓದಿದ ಪುಸ್ತಕ, ಪದಕ್ಕೆ ಪದ ಹಾಗೇ ಕೂರುತ್ತೆ. ಮಾತಿನ ಕೊನೆಗೆ ಅವರು ನೆ ಅಂತಾರಲ್ಲ, ಅದು ನಮ್ಮ ಅಲ್ವಾ. ಜಿಟಿಜಿಟಿ ಮಳೆಗೆ ಅಲ್ಲಿ ಶಿತೊ ಶಿತೊ ಅಂತಾರೆ!

ಎಲ್ಲಾ ಹೊಂದುತ್ತೆ ಅಂತಲ್ಲ. ಪದದ ಕೊನೆಗೆ ಅವರು ಹಚ್ಚೋ ವ ಮತ್ತು ಗ ಪ್ರತ್ಯಯಗಳ ವ್ಯತ್ಯಾಸಕ್ಕೆ ಕನ್ನಡದಲ್ಲಿ ನನಗೆ ಏನೂ ಸಿಕ್ಕಿಲ್ಲ. ನಾನು, ನೀನು, ಅವಳು ಯಾರೇ ತಿನ್ನಲಿ ಕ್ರಿಯಾಪದ ತಬೆಮಸ್ ಅಂತಲೇ ಇರುತ್ತೆ, ಅದಕ್ಕೂ ಇನ್ನೂ ಒಗ್ಗಿಲ್ಲ.

ಆದರೂ ಬೇಜಾರು ಹೋಗ್ತಿಲ್ಲ. ಏಳನೇ ಕ್ಲಾಸು ಓದಿದ ಅಮ್ಮ, ಜಪಾನೀಸ್ ಅಂತ ಒಂದು ಭಾಷೆ ಇದೆ ಅಂತಲೇ ನನ್ನಿಂದ ತಿಳಿದವಳು, ಕಾಳು ಹಿತುಕುತ್ತಾ ಕೇಳಿದ ಪ್ರಶ್ನೆ ನನಗೆ ಯಾಕೆ ಬರಲಿಲ್ಲ? ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಮೊದಲಿಂದಲೂ ಹೀಗೇ ಆಗಿದೆ. ಟೈಪಿಂಗ್ ಇರಲಿ, ಟ್ಯಾಲಿ ಇರಲಿ, ಏನು ಕಲಿಯೋಕೆ ಹೋದರೂ ಮೊದಲು ಇಂಗ್ಲಿಷ್ ಬಾಗಿಲಲ್ಲಿ ನಿಂತು ಕಾಯಬೇಕು, ಅಲ್ಲೇ ಅರ್ಧ ಧೈರ್ಯ ಹೋಗುತ್ತೆ, ನಮ್ಮ ಮನೆ ಹಿತ್ತಲಿಂದಲೇ ದಾರಿ ಇದೆ ಅಂತ ಒಬ್ಬರೂ ಹೇಳಲ್ಲ. ಕನ್ನಡದವರು ಕನ್ನಡದಿಂದಲೇ ಜಪಾನೀಸ್ ಕಲಿಯೋಕೆ ಒಂದು ಸಣ್ಣ ಪುಸ್ತಕ ಸಿಕ್ಕಿದ್ದರೆ ನನ್ನ ನಾಲ್ಕು ತಿಂಗಳು ಉಳಿಯುತ್ತಿತ್ತು. ನಾನು ಬರೆದುಕೊಳ್ತಿರೋದನ್ನು ಬೇಕಾದವರಿಗೆ ಕೊಡ್ತೀನಿ, ದುಡ್ಡಿಲ್ಲದೆ.

ಇವತ್ತು ಬೆಳಿಗ್ಗೆ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ಇತ್ತೆ ಕಿಮಸ್ ಅಂದೆ. ಅದಕ್ಕೆ ಇತ್ತೆರಶ್ಶೈ ಅನ್ನಬೇಕು ಅಂತ ಹೇಳಿಕೊಟ್ಟಿದ್ದೆ. ಒಳಗಿಂದ ಅಮ್ಮ, "ಹೋಗ್ಬಿಟ್ ಬಾ, ಬರ್ತಾ ಮೊಸರು ತಗೊಂಡ್ ಬಾ" ಅಂದಳು. ದಾರಿಯುದ್ದಕ್ಕೂ ಅದನ್ನೇ ಜೋಡಿಸಿದೆ. ಸಂಜೆ ಮೊಸರಿನ ಪ್ಯಾಕೆಟ್ ಕೈಗೆ ಕೊಟ್ಟು, ಕತ್ತೆ ಕಿಮಶಿತ, ಕೊಂಡು ಬಂದೆ ಅಂತ, ಅಂದೆ.

"ಯಾರನ್ನೇ ಕತ್ತೆ ಅಂತಿರೋದು?" ಅಂತ ನಕ್ಕಳು. ಆಮೇಲೆ ಪ್ಯಾಕೆಟ್ ಕತ್ತರಿಸುತ್ತಾ, "ಅದ್ರಲ್ಲಿ ಬಂದೆ ಅನ್ನೋದು ಯಾವ್ದು?" ಅಂದಳು.