ಕತ್ತು ಎತ್ತಿದ ಹೆಬ್ಬಾತುಗಳು

ಹೆಬ್ಬಾತು ನೋಡಬೇಕು ಅಂದರೆ ಕೆರೆಗೇ ಹೋಗಬೇಕು ಅಂದುಕೊಂಡಿದ್ದೆ. ಬಿಸಿಲೇರಿದ ಮೇಲೆ ಎರಡು ಸಲ ಹೋಗಿಯೂ ಇದ್ದೆ. ಎರಡೂ ಸಲ ಕಂಡಿದ್ದು ನೀರಿನ ನಡುವೆ ಬೂದು ಚುಕ್ಕೆಗಳು, ಕೊಕ್ಕನ್ನು ರೆಕ್ಕೆಗೆ ಸಿಕ್ಕಿಸಿ ಒಳ್ಳೆ ನಿದ್ದೆ. ಪಟ್ಟೆತಲೆ ಹೆಬ್ಬಾತು ರಾತ್ರಿ ಮತ್ತು ಬೆಳಗಿನ ಜಾವ ಹೊಲಗದ್ದೆಯಲ್ಲಿ ಮೇಯುತ್ತದೆ, ಹಗಲು ನೀರಿನಲ್ಲಿ ದಣಿವಾರಿಸಿಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ಈ ಸಲ ಕತ್ತಲಿರುವಾಗಲೇ ಗದ್ದೆಯ ಬದುವಿಗೆ ಹೋದೆ.

ಮಂಜು ದಟ್ಟವಾಗಿತ್ತು. ಮೊದಲು ಬಂದಿದ್ದು ದನಿ. ಮೂಗಿನಿಂದ ಹೊರಟ ಹಾಗೆ ಆಂಗ್, ಆಂಗ್ ಅಂತ, ಎಲ್ಲಿಂದ ಅಂತಲೇ ತಿಳಿಯದು. ಮಂಜು ಸ್ವಲ್ಪ ತೆಳುವಾದಾಗ ಬೈನಾಕ್ಯುಲರ್‌ನಲ್ಲಿ ಬಿಳಿ ತಲೆ ಕಂಡವು, ಹಿಂದೆ ಎರಡು ಕಪ್ಪು ಪಟ್ಟೆ. ದನದ ಹಾಗೆ ತಲೆ ತಗ್ಗಿಸಿ ಎಳೆ ಪೈರನ್ನು ಚರಚರ ಕಿತ್ತು ತಿನ್ನುತ್ತಿದ್ದವು. ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿಕೊಂಡು ಗುಂಪನ್ನು ಅಳೆದೆ, ನೂರರ ಮೇಲಿದ್ದವು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು ಇವು. ಟ್ರ್ಯಾಕರ್ ಕಟ್ಟಿ ಬಿಟ್ಟಾಗ 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಗಾಳಿ ಅಷ್ಟು ತೆಳುವಾದರೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಇವುಗಳ ರಕ್ತಕ್ಕಿದೆ. ಅಂಥದ್ದು ಇಲ್ಲಿ, ಮೊಣಕಾಲುದ್ದದ ಬದುವಿನ ಆಚೆ ಸುಮ್ನೆ ಮೇಯುತ್ತಿದೆ ಅಲ್ವಾ!

ಫೋಟೊ ಬೇಕು ಅನಿಸಿ ಎದ್ದು ನಡೆದೆ. ಅಂಚಿನ ನಾಲ್ಕೈದು ಹಕ್ಕಿ ಮೇಯುವುದು ಬಿಟ್ಟು ಕತ್ತು ಎತ್ತಿದವು. ಅಲ್ಲೇ ನಿಲ್ಲಬೇಕಿತ್ತು. ಇನ್ನೂ ನಾಲ್ಕು ಹೆಜ್ಜೆ ಇಟ್ಟೆ. ಎಲ್ಲ ಕತ್ತುಗಳೂ ಒಟ್ಟಿಗೆ ಮೇಲೆದ್ದವು, ಮರುಕ್ಷಣ ಇಡೀ ಗದ್ದೆಯೇ ಎದ್ದು ಹಾರಿದ ಹಾಗಾಯಿತು. ರಾತ್ರಿಯಿಡೀ ತಿಂದಿದ್ದನ್ನು ನನ್ನಿಂದಾಗಿ ಹಾರಾಟಕ್ಕೆ ಸುರಿದವು ಅಂತ ತುಂಬ ಬೇಸರವಾಯಿತು.

ಗುದ್ದಲಿ ಹೊತ್ತು ಬಂದ ಗದ್ದೆಯವರು ಇದನ್ನೆಲ್ಲ ನೋಡಿದ್ದರು. "ನಿಂತ್ಕೊಂಡ್ರೆ ಹೆದರ್ತಾವೆ, ಬದು ಮೇಲೆ ಕೂತ್ಕೊಳ್ಳಿ" ಅಂದರು. ಪೈರು ಹಾಳಾಗಲ್ವಾ ಅಂತ ಕೇಳಿದೆ. "ತಿನ್ನೋದಕ್ಕಿಂತ ತುಳಿಯೋದೇ ಜಾಸ್ತಿ" ಅಂದು ಮುಂದೆ ಹೋದರು.

ಕೂತೆ. ಅವರು ಅಗೆದ ಕಡೆಯೆಲ್ಲ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ಹುಳ ಹೆಕ್ಕತೊಡಗಿದವು. ನೀರು ನಿಂತ ಮೂಲೆಯಲ್ಲಿ ಗೊರವವೊಂದು ಕೆಸರಿಗೆ ಕೊಕ್ಕು ಚುಚ್ಚುತ್ತಿತ್ತು. ಆಮೇಲೆ ಜೊಂಡಿನ ಮೇಲೆ ಜೌಗು ಸೆಳೆವ ಅನ್ನುವ ಬೇಟೆ ಹಕ್ಕಿ ಬಂತು, ರೆಕ್ಕೆಯನ್ನು ತುಸು ಮೇಲಕ್ಕೆ ಎತ್ತಿ ಹಿಡಿದು, ತೀರಾ ಕೆಳಗೆ ತೇಲುತ್ತ. ಸಣ್ಣ ಬಾತುಗಳೆಲ್ಲ ದಡಬಡ ಎದ್ದವು. ಗದ್ದೆಯಿಂದ ಹಾರಿ ನೀರಿಗಿಳಿದಿದ್ದ ಹೆಬ್ಬಾತುಗಳು ಕತ್ತು ಎತ್ತಿ ನೋಡಿದವು, ಅಷ್ಟೆ. ಆ ಬೇಟೆಗಾರನಿಗಿಂತ ನನಗೇ ಜಾಸ್ತಿ ಹೆದರಿದ್ದವು.

ಗಂಟೆ ಕಳೆದಿರಬೇಕು. ಹನ್ನೆರಡು ಹೆಬ್ಬಾತು ನೀರು ಬಿಟ್ಟು ದಡದ ಹುಲ್ಲಿಗೆ ಬಂದವು, ಮೊದಲಿಗಿಂತ ಹತ್ತಿರ. ಕ್ಯಾಮೆರಾ ಚೀಲದಲ್ಲೇ ಇತ್ತು. ಹೊರಡುವಾಗ ಬದುವಿನ ಮರೆಯಲ್ಲಿ ಬಗ್ಗಿಕೊಂಡೇ ರಸ್ತೆಯವರೆಗೆ ನಡೆದು, ತಿರುಗಿ ನೋಡಿದೆ. ತಲೆ ತಗ್ಗಿಸಿ ಮೇಯುತ್ತಲೇ ಇದ್ದವು.